ಅರೆಯಲೊಲ್ಲದ ಒರಳು

ನಮ್ಮ ಭಾಷೆಯಲ್ಲಿ ಹೊಟ್ಟೆಗೂ ಬೆಂಕಿಗೂ ಬಹಳ ಹಳೆಯ ನಂಟು. ನೆರೆಯವನ ಏಳಿಗೆಯನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಉಂಡದ್ದು ಅರಗಿದರೆ ಜಠರಾಗ್ನಿ ಚೆನ್ನಾಗಿದೆಯೆನ್ನುತ್ತೇವೆ, ಅರಗದಿದ್ದರೆ ಮಂದಾಗ್ನಿಯೆನ್ನುತ್ತೇವೆ. ಬೆಂಕಿ ಮಂದವಾದಾಗ ಊದಿ ಉರಿಸಬೇಕೆಂದು ತೋರುವುದು ಸಹಜ ತಾನೆ? ಆದಕಾರಣವೇ ಶುಂಠಿ, ಮೆಣಸು, ಓಮ, ಇಂಗು ಇವೆಲ್ಲ ನಮ್ಮ ಅಡುಗೆಮನೆಗಳಲ್ಲಿ ಅರ್ಧ ಸಂಬಾರವಾಗಿಯೂ ಅರ್ಧ ಔಷಧವಾಗಿಯೂ ನೆಲೆಸಿವೆ. ಒಂದು ಹೊತ್ತಿನ ಅಜೀರ್ಣಕ್ಕೆ ಅವು ಒದಗಿಬರುವುದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಈ ಬೆಂಕಿಯ ಮಾತಿಗೆ ಸಿಕ್ಕದ ಹೊಟ್ಟೆಯ ಬೇನೆಯೊಂದುಂಟು. ಹಲವು ವರ್ಷ ಸಕ್ಕರೆ ಕಾಯಿಲೆಯನ್ನು ಹೊತ್ತು ನಡೆದವರಲ್ಲಿ, ಅಂಗಾಲು ಉರಿದು ಜೋಮುಗಟ್ಟುತ್ತಿರುವವರಲ್ಲಿ, ಅದು ಸದ್ದಿಲ್ಲದೆ ಬಂದು ಸೇರುತ್ತದೆ.

ಅಂಗಾಲಿನ ಉರಿಗೆ ವೈದ್ಯರು ನ್ಯೂರೋಪತಿ ಎನ್ನುತ್ತಾರೆ. ನಾವು ನರದೌರ್ಬಲ್ಯವೆನ್ನಬಹುದಾಗಿತ್ತು, ಆದರೆ ಗೋಡೆಗಳ ಮೇಲೆ ಜಾಹೀರಾತು ಬರೆಸುವವರು ಆ ಮಾತನ್ನು ಬೇರೊಂದು ವ್ಯಾಪಾರಕ್ಕೆ ಹಚ್ಚಿ ಕೆಡಿಸಿಬಿಟ್ಟಿದ್ದಾರೆ. ಸದ್ಯಕ್ಕೆ ನರಹಾನಿ ಎನ್ನೋಣ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ನರಗಳೂ, ಅವಕ್ಕೆ ಪೋಷಣೆಯೀಯುವ ಸೂಕ್ಷ್ಮ ರಕ್ತನಾಳಗಳೂ ಕೆಡುತ್ತವೆ. ಉದ್ದವಾದ ನರಗಳಿಗೆ ಮೊದಲು ಪೆಟ್ಟು. ಪಾದವೇ ಮೊದಲು ಉರಿಯುವುದು ಅದರಿಂದಲೇ. ಮಿದುಳಿನ ಬುಡದಿಂದ ಹೊರಟು, ಕೊರಳನ್ನೂ ಎದೆಯನ್ನೂ ಹಾದು ಹೊಟ್ಟೆಗಿಳಿಯುವ ಇನ್ನೊಂದು ಉದ್ದನೆಯ ನರವಿದೆ. ಅದರ ಹೆಸರು ವೇಗಸ್. ಲ್ಯಾಟಿನ್ನಿನಲ್ಲಿ ಅಲೆಮಾರಿಯೆಂದು ಅರ್ಥ, ಹೆಸರಿಟ್ಟವನು ರಸಿಕನಿರಬೇಕು.

ಜಠರವನ್ನು ಒಲೆಯೆಂದು ಭಾವಿಸುವುದಕ್ಕಿಂತ ಒರಳೆಂದು ಭಾವಿಸುವುದು ಮೇಲು. ಅದರ ಕೆಳಭಾಗ ನಿಮಿಷಕ್ಕೆ ಸುಮಾರು 3 ಬಾರಿ ಸಂಕುಚಿಸಿ, ಅನ್ನವನ್ನು 1-2 ಮಿಲಿಮೀಟರಿನ ಕಣಗಳಾಗುವವರೆಗೆ ಅರೆದು, ಸ್ವಲ್ಪಸ್ವಲ್ಪವಾಗಿ ಕರುಳಿಗೆ ದಾಟಿಸುತ್ತದೆ. ಅಲೆಮಾರಿ ನರ ಸೊರಗಿದರೆ ಈ ಒರಳು ಅರೆಯುವುದನ್ನೇ ಮರೆಯುತ್ತದೆ. ಉಂಡದ್ದು ಉಂಡಲ್ಲಿಯೇ ಕುಳಿತಿರುತ್ತದೆ. 1958ರಲ್ಲಿ ಕ್ಯಾಸಾಂಡರ್ ಎಂಬ ವೈದ್ಯರು ಮಧುಮೇಹಿಗಳ ಈ ಸ್ಥಿತಿಗೆ ಗ್ಯಾಸ್ಟ್ರೋಪರೇಸಿಸ್ ಎಂಬ ಹೆಸರನ್ನು ಬಳಸಿದರು. ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಉಬ್ಬರ, ವಾಕರಿಕೆ, ಬೆಳಗ್ಗೆ ತಿಂದದ್ದು ಸಂಜೆಯ ವಾಂತಿಯಲ್ಲಿ ಹಾಗೆಯೇ ಕಾಣುವುದು, ಇವು ಅದರ ಗುರುತುಗಳು. ದೊಡ್ಡ ಆಸ್ಪತ್ರೆಗಳಲ್ಲಿ ಅತ್ಯಲ್ಪ ವಿಕಿರಣವಸ್ತು ಬೆರೆಸಿದ ಆಹಾರವನ್ನು ತಿನ್ನಿಸಿ ಪರೀಕ್ಷಿಸುತ್ತಾರೆ. 4 ಗಂಟೆಗಳ ಬಳಿಕವೂ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನಿಸಿದೆಯೆಂದು ಲೆಕ್ಕ.

ನನ್ನ ಸೋದರಮಾವನವರಿಗೆ ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ. ಅವರು ಎಲೆಯ ಮುಂದೆ ಕುಳಿತು ನಾಲ್ಕು ತುತ್ತಿಗೇ ಕೈತೊಳೆಯಲು ಮೊದಲಿಟ್ಟಾಗ ಆ ಮನೆಯಲ್ಲಿ ಯಾರಿಗೂ ರೋಗದ ನೆನಪಾಗಲಿಲ್ಲ. “ಇವರಿಗೆ ನನ್ನ ಕೈಯಡುಗೆ ಸಾಕಾಗಿದೆ ಕಣಪ್ಪ” ಎಂದು ಅತ್ತೆ ಕಣ್ಣೊರಸಿಕೊಂಡರು. ಆಕೆಯನ್ನು ನೋಯಿಸಲಾರದೆ ಮಾವ ಇನ್ನೆರಡು ತುತ್ತು ಉಣ್ಣುವರು. ರಾತ್ರಿ ಬಚ್ಚಲಮನೆಯ ಬಾಗಿಲಿಕ್ಕಿಕೊಂಡು ಅದನ್ನೆಲ್ಲ ಕಕ್ಕುವರು. ಅತ್ತೆ ದೀಪವಾರಿಸದೆ ಹೊರಗೆ ನಿಂತು ಕಾಯುವರು. ಐವತ್ತು ವರ್ಷ ಜೊತೆಯಾಗಿ ಬಾಳಿದವರ ನಡುವೆ ಒಂದು ತಟ್ಟೆ ಅನ್ನ ಗೋಡೆಯಾಗಿ ನಿಂತಿತು. ಈ ರೋಗದಲ್ಲಿ ವಾಕರಿಕೆಗಿಂತ ಇದೇ ಹೆಚ್ಚು ಕ್ರೂರವೆಂದು ನನಗೆ ತೋರುತ್ತದೆ.

ಆ ಮನೆಯ ಅಡುಗೆಯಾದರೂ ಪುಸ್ತಕದಂತೆ ನಡೆದಿತ್ತು. ಸಕ್ಕರೆ ಕಾಯಿಲೆಗೆ ರಾಗಿಮುದ್ದೆ, ಸೊಪ್ಪಿನ ಪಲ್ಯ, ಕೋಸಂಬರಿ, ಮೊಳಕೆಕಾಳು. ನಾರು ಹೆಚ್ಚಿದ್ದಷ್ಟೂ ಒಳ್ಳೆಯದು. ಜಠರ ಚೆನ್ನಾಗಿರುವವರಿಗೆ ಇದು ಹಿತವಾದ ಮಾತೇ. ಅರೆಯಲೊಲ್ಲದ ಒರಳಿಗೆ ಮಾತ್ರ ಇದೇ ಅಹಿತ. ನಾರು ಅಲ್ಲಿಯೇ ನಿಲ್ಲುತ್ತದೆ, ಕೆಲವೊಮ್ಮೆ ಉಂಡೆಗಟ್ಟಿಕೊಳ್ಳುತ್ತದೆ. ಎಣ್ಣೆತುಪ್ಪಗಳು ಜಠರವನ್ನು ಮತ್ತಷ್ಟು ನಿಧಾನಿಸುತ್ತವೆ. ಹೊರಗೆ ಅರೆದುಕೊಟ್ಟರೆ ಒಳಗೆ ಅರೆಯುವ ಶ್ರಮ ತಪ್ಪೀತಲ್ಲವೆ? ಸ್ವೀಡನ್ನಿನಲ್ಲಿ ಇಂಥ ರೋಗಿಗಳಿಗೆ ಸಣ್ಣ ಕಣಗಳಾಗುವಂತೆ ಮೆದುಮಾಡಿದ ಆಹಾರವನ್ನು ಕೊಟ್ಟು ನೋಡಿದ ಸಂಶೋಧಕರು, ವಾಕರಿಕೆ ಉಬ್ಬರಗಳು ಕಡಿಮೆಯಾದುದನ್ನು 2014ರಲ್ಲಿ ಪ್ರಕಟಿಸಿದರು. ಮೆತ್ತಗೆ ಬೆಂದು ಮಸೆದ ಅನ್ನ, ತಿಳಿಯಾದ ಹೆಸರುಬೇಳೆ ತೊವ್ವೆ, ಇಡ್ಲಿ, ಸಿಪ್ಪೆಬೀಜ ತೆಗೆದು ಬೇಯಿಸಿ ಮಸೆದ ಸೋರೆಕಾಯಿ, ನೀರುಮಜ್ಜಿಗೆ: ನಮ್ಮ ಬಾಣಂತಿಯರೂ ಕೂಸುಗಳೂ ಬಲ್ಲ ಊಟವೇ ಇದು. ರಾಗಿಯನ್ನು ಬಿಡಲೊಲ್ಲೆವೆನ್ನುವವರು ವಸ್ತ್ರಗಾಳಿತ ಹಿಟ್ಟಿನ ತೆಳು ಸರಿ ಮಾಡಿಕೊಳ್ಳಬಹುದು. ಎರಡು ದೊಡ್ಡ ಊಟಗಳ ಬದಲು ಐದಾರು ಪುಟ್ಟ ಊಟಗಳು. ಉಂಡೊಡನೆ ಮಲಗದೆ ಮೆಲ್ಲನೆಯ ನಾಲ್ಕು ಹೆಜ್ಜೆ. ಇಂಥ ಊಟದಲ್ಲಿ ಸಕ್ಕರೆ ಬೇಗ ಏರುವ ಸಂಭವವುಂಟಾದ್ದರಿಂದ ಅಳತೆಯನ್ನು ವೈದ್ಯರೊಡನೆ ಕುಳಿತು ಗೊತ್ತುಮಾಡಬೇಕು. ಸಕ್ಕರೆ ಏರಿದರೆ ಜಠರ ಇನ್ನೂ ಮಂದವಾಗುತ್ತದೆ, ವಿಷಚಕ್ರವೆಂದರೆ ಇದೇ.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಒಂದು ಅಪಾಯವನ್ನು ಬಿಡಿಸಿ ಹೇಳಬೇಕು. ಊಟಕ್ಕೆ ಮುಂಚೆ ತೆಗೆದುಕೊಂಡ ಮದ್ದು ತನ್ನ ವೇಳೆಗೆ ಸರಿಯಾಗಿ ಕೆಲಸಕ್ಕೆ ತೊಡಗುತ್ತದೆ. ಅನ್ನವಾದರೋ ಇನ್ನೂ ಜಠರದಲ್ಲಿಯೇ ಇದೆ. ಆಗ ಉಂಡವನಿಗೇ ಸಕ್ಕರೆ ಕುಸಿದು ಬೆವರು, ನಡುಕ, ಮಂಕು ಕವಿಯುತ್ತವೆ. ಮೂರು ನಾಲ್ಕು ಗಂಟೆಗಳ ಮೇಲೆ ಅನ್ನ ಕರುಳಿಗಿಳಿದಾಗ ಸಕ್ಕರೆ ಮೇಲೇರುತ್ತದೆ. “ಕದ್ದು ಸಿಹಿ ತಿಂದಿರಿ” ಎಂಬ ಆರೋಪ ಬೇರೆ. ಮದ್ದಿನ ವೇಳೆಯನ್ನು ಊಟದ ನಂತರಕ್ಕೆ ಬದಲಿಸಬೇಕೆ, ಪಾಲುಮಾಡಬೇಕೆ ಎಂಬುದನ್ನು ವೈದ್ಯರೇ ನಿಶ್ಚಯಿಸಬೇಕು. ಕುಸಿದಾಗ ಲಾಡು ಬಾಯಿಗಿಟ್ಟರೆ ಅದೂ ಹೋಗಿ ಆ ಒರಳಿನಲ್ಲಿಯೇ ಕೂರುತ್ತದೆ. ಎಚ್ಚರವಿದ್ದವರಿಗೆ ನೀರಿನಲ್ಲಿ ಕದಡಿದ ಗ್ಲೂಕೋಸೇ ಲೇಸು.

ಔಷಧಗಳಲ್ಲಿಯೂ ಒಂದಕ್ಕೊಂದು ಜಗಳವುಂಟು. ಅಂಗಾಲಿನ ಉರಿಗೆ ಕೊಡುವ ಅಮಿಟ್ರಿಪ್ಟಿಲೀನ್ ಜಠರವನ್ನೂ ಕರುಳನ್ನೂ ನಿಧಾನಿಸಬಲ್ಲುದು; ಮಲಬದ್ಧತೆಗೆ ಅದೇ ಕಾರಣವಾದೀತು. ಈಚೆಗೆ ತೂಕವಿಳಿಸಲೆಂದು ಪ್ರಸಿದ್ಧವಾಗಿರುವ ಸೆಮಗ್ಲೂಟೈಡ್ ಕೂಡ ಜಠರವನ್ನು ತಡೆಯುತ್ತದೆ. ಮೆಟ್‌ಫಾರ್ಮಿನ್ನಿನಿಂದ ಭೇದಿಯಾಗುವುದುಂಟು, ನರಹಾನಿಯಿಂದಲೂ ಆಗುವುದುಂಟು, ಅದೂ ನಡುರಾತ್ರಿಯಲ್ಲಿ. ಕಾಲಿಗೊಬ್ಬ ವೈದ್ಯರು, ಹೊಟ್ಟೆಗೊಬ್ಬ ವೈದ್ಯರು ಎಂದು ಹಂಚಿಕೊಂಡವರು ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಲಿ. ಜಠರವನ್ನು ಚುರುಕುಗೊಳಿಸುವ ಮೆಟೊಕ್ಲೊಪ್ರಮೈಡ್ ಇದೆ. ಬಹುಕಾಲ ಸೇವಿಸಿದರೆ ಮುಖ ನಾಲಗೆಗಳು ಅಂಕೆ ತಪ್ಪಿ ಚಲಿಸುವ ದೋಷ ನಿಂತುಬಿಡಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2009ರಲ್ಲಿ ಕಟುವಾದ ಎಚ್ಚರಿಕೆಯನ್ನು ಮುದ್ರಿಸಿದರು. ಡಾಂಪೆರಿಡೋನ್ ಕೆಲವರ ಹೃದಯದ ಲಯವನ್ನು ಕೆಡಿಸೀತು. ಅಂಗಡಿಯಿಂದ ತಾವಾಗಿ ಕೊಂಡು ನುಂಗತಕ್ಕ ವಸ್ತುಗಳಲ್ಲ ಇವು.

ಎಲ್ಲಕ್ಕಿಂತ ಹೆದರಬೇಕಾದ ಮಾತು “ಗ್ಯಾಸು.” ನರಹಾನಿಯಾದವರಿಗೆ ಹೃದಯಾಘಾತದಲ್ಲಿ ಎದೆನೋವೇ ಇಲ್ಲದಿರಬಹುದು, ಬರಿಯ ಸಂಕಟ, ವಾಕರಿಕೆ, ತಣ್ಣನೆಯ ಬೆವರು, ಏದುಸಿರು. ಹಠಾತ್ತನೆ ಹೀಗಾದರೆ ಓಮದ ನೀರಿಗೆ ಎಸರಿಡುತ್ತ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.

ಮಾವನವರ ಮನೆಯಲ್ಲಿ ಈಗ ಪುಟ್ಟ ಬೆಳ್ಳಿ ಬಟ್ಟಲೊಂದು ಹೊರಬಂದಿದೆ, ಮೊಮ್ಮಗಳ ಅನ್ನಪ್ರಾಶನದ್ದು. ಅದು ತುಂಬಿದರೆ ಮಾವನ ಒಂದು ಊಟ. ಮೊನ್ನೆ ಬಂಧುಗಳ ಮದುವೆಯಲ್ಲಿ ಬಡಿಸುವವನು ಹೋಳಿಗೆ ಹಿಡಿದು “ಒಂದೇ ಒಂದು, ಯಜಮಾನರೆ” ಎಂದು ಪಟ್ಟುಹಿಡಿದಾಗ, ಎಲೆಗೆ ಅಡ್ಡವಾಗಿ ಚಾಚಿದ ಕೈ ಅತ್ತೆಯದಾಗಿತ್ತು.