ಮಳೆನೀರಿಗೂ ಅಂಗಳದಲ್ಲಿ ಒಂದಿಷ್ಟು ಜಾಗ ಕೊಡಿ



ಜರ್ಮನ್‌ಟೌನಿನ ನಾವು ಐದಾರು ಮನೆಯವರು ಸೇರಿ ಇದನ್ನು ಬರೆಯುತ್ತಿದ್ದೇವೆ. ‘ಮನವಿ’ ಎಂದು ಕರೆಯೋಣವೆಂದುಕೊಂಡಿದ್ದೆವು. ಆದರೆ ಇದು ತಕರಾರೇ. ನಮ್ಮ ಬಡಾವಣೆಯ ಎಚ್‌ಓಎ ಸಭೆಯಲ್ಲಿ, ಎಲ್ಲರಿಗೂ ಸೇರಿದ ತಗ್ಗು ಜಾಗದಲ್ಲಿ ಒಂದು ರೇನ್ ಗಾರ್ಡನ್ ಮಾಡೋಣವೆಂಬ ಸಲಹೆ ಬಂದಾಗ, ಅದು ಬೇಡವೆಂದು ಎದ್ದು ನಿಂತವರಲ್ಲಿ ಮೊದಲಿಗರು ನಮ್ಮ ಕನ್ನಡಿಗರೇ! ಸೊಳ್ಳೆ ಬರುತ್ತದಂತೆ, ಬೇಸ್‌ಮೆಂಟಿಗೆ ನೀರು ನುಗ್ಗುತ್ತದಂತೆ, ಮನೆಯ ರೇಟು ಬೀಳುತ್ತದಂತೆ. ಅದರ ಬದಲು ಪೈಪು ಹೂಳಿಸಿ ನೀರನ್ನು ಸೀದಾ ಹೊಳೆಗೆ ಬಿಟ್ಟರೆ ಕೈ ತೊಳೆದುಕೊಂಡಂತೆ ಎಂಬುದು ಅವರ ವಾದ.

ಮೊದಲು ಲೆಕ್ಕ ನೋಡೋಣ. ಛಾವಣಿ, ಡ್ರೈವ್‌ವೇ ಎಲ್ಲ ಸೇರಿ 2,000 ಚದರ ಅಡಿ ಎನ್ನಿ. ಒಂದು ಇಂಚು ಮಳೆ ಬಿದ್ದರೆ ಅದರಿಂದ ಹರಿಯುವುದು 1,200 ಗ್ಯಾಲನ್‌ಗೂ ಹೆಚ್ಚು. ಇಲ್ಲಿ ವರ್ಷಕ್ಕೆ ಸುಮಾರು 40 ಇಂಚು ಮಳೆ. ಅಂದರೆ ಒಂದೊಂದು ಮನೆಯ ಪಾಲು ಹತ್ತಿರ ಹತ್ತಿರ 50,000 ಗ್ಯಾಲನ್. ಲಾನು ಕುಡಿದುಕೊಳ್ಳುವುದಿಲ್ಲವೇ ಎನ್ನಬಹುದು. ಮನೆ ಕಟ್ಟುವಾಗ ಮೇಲ್ಮಣ್ಣು ಕೆರೆದು ತೆಗೆದು, ಬುಲ್‌ಡೋಜರ್ ಓಡಾಡಿಸಿ ಗಟ್ಟಿ ಮಾಡಿದ ಜೇಡಿಮಣ್ಣಿನ ಮೇಲೆ ಚಾಪೆಯಂತೆ ಹಾಸಿದ ಹುಲ್ಲು ಅದು. ಜೋರು ಮಳೆಗೆ ಅದು ಕಾಂಕ್ರೀಟಿಗಿಂತ ಸ್ವಲ್ಪ ವಾಸಿ, ಅಷ್ಟೇ.

ಆ ನೀರು ಎಲ್ಲಿಗೆ ಹೋಗುತ್ತದೆ? ರಸ್ತೆ ಬದಿಯ ಸ್ಟಾರ್ಮ್ ಡ್ರೈನಿಗೂ ಬಚ್ಚಲ ನೀರಿನ ಕೊಳವೆಗೂ ಇಲ್ಲಿ ಸಂಬಂಧವಿಲ್ಲ. ಲಾನಿಗೆ ಸುರಿದ ಗೊಬ್ಬರ, ಕಾರು ತೊಟ್ಟಿಕ್ಕಿಸಿದ ಎಣ್ಣೆ, ನಾಯಿ ಬಿಟ್ಟು ಹೋದದ್ದು, ಎಲ್ಲವೂ ನೀರಿನ ಜೊತೆಗೇ ಸೆನೆಕಾ ಕ್ರೀಕಿಗೆ, ಅಲ್ಲಿಂದ ಪೊಟೊಮ್ಯಾಕ್ ನದಿಗೆ. ಅದೇ ನದಿಯ ಕೆಳಹರಿವಿನಲ್ಲಿ ವಾಟ್ಸ್ ಬ್ರಾಂಚ್ ಬಳಿ ಡಬ್ಲ್ಯುಎಸ್‌ಎಸ್‌ಸಿ ನೀರು ಎತ್ತುತ್ತದೆ, ಶುದ್ಧ ಮಾಡಿ ನಮ್ಮ ನಲ್ಲಿಗೆ ಕಳಿಸುತ್ತದೆ. ಡ್ರೈವ್‌ವೇ ತೊಳೆದ ನೀರಿನಲ್ಲೇ ನಮ್ಮ ಹುಳಿ ಬೇಯುತ್ತಿದೆ ಎಂದರೆ ಅತಿಯಾಯಿತು. ಪೂರ್ತಿ ಸುಳ್ಳಂತೂ ಅಲ್ಲ.

ರೇನ್ ಗಾರ್ಡನ್, ನಾವು ಮಳೆತೋಟ ಎನ್ನೋಣ, ಕೊಳವಲ್ಲ. ಅರ್ಧ ಅಡಿಯಷ್ಟು ತಗ್ಗು. ಅದರಡಿ ಮರಳು, ಎಲೆಗೊಬ್ಬರ ಬೆರೆಸಿದ ಸಡಿಲ ಮಣ್ಣು. ಮೇಲೆ ಈ ನೆಲದ್ದೇ ಗಿಡಗಳಾದ ಸ್ವಾಂಪ್ ಮಿಲ್ಕ್‌ವೀಡ್, ಜೋ ಪೈ ವೀಡ್, ನೀಲಿ ಐರಿಸ್. ನಮ್ಮ ಇಂಗುಗುಂಡಿಗೆ ಹೂ ಮುಡಿಸಿದಂತೆ. ನೀರು ಒಂದೆರಡು ದಿನದಲ್ಲಿ ಇಂಗುತ್ತದೆ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬರಲು ಸುಮಾರು ಒಂದು ವಾರ ಬೇಕು. ಸೊಳ್ಳೆಯ ತವರುಮನೆ ಹುಡುಕುವವರು ಡೆಕ್ ಮೇಲಿನ ತುಳಸಿ ಕುಂಡದ ಕೆಳಗಿನ ತಟ್ಟೆಯನ್ನೂ, ಎಲೆ ಕಟ್ಟಿಕೊಂಡ ಗಟರನ್ನೂ ಮೊದಲು ನೋಡಲಿ. ಬೇಸ್‌ಮೆಂಟಿನ ಭಯಕ್ಕೆ ಉತ್ತರ: ಗೋಡೆಯಿಂದ ಹತ್ತು ಅಡಿ ದೂರ, ಇಳಿಜಾರಿನ ಕಡೆ ಮಾಡಬೇಕು. ಗುಂಡಿ ತೋಡಿ ನೀರು ತುಂಬಿಸಿ ನೋಡಿ. ಒಂದು ದಿನದಲ್ಲಿ ಇಂಗದಿದ್ದರೆ ಆ ಜಾಗ ಬೇಡ. ನಿಜವಾಗಿ ಬೇಸ್‌ಮೆಂಟ್ ತೋಯಿಸುವುದು ಗೋಡೆಯ ಬುಡಕ್ಕೇ ನೀರು ಕಾರುವ ಡೌನ್‌ಸ್ಪೌಟು. ಇನ್ನು ರೇಟು! ಪೈಪಿನ ನೀರಿನ ರಭಸಕ್ಕೆ ಹೊಳೆದಂಡೆ ಕುಸಿದು, ಕೊಳದ ಹೂಳು ತೆಗೆಸಲು ಎಚ್‌ಓಎ ವಿಶೇಷ ವಂತಿಗೆ ಎತ್ತಿದರೆ ಆಗ ರೇಟು ಏರುತ್ತದೆಯೇ?

ಇದು ಯಾರೋ ಪರಿಸರದ ಹುಚ್ಚರ ಹೊಸ ಷೋಕಿಯಲ್ಲ. ಪಕ್ಕದ ಪ್ರಿನ್ಸ್ ಜಾರ್ಜಸ್ ಕೌಂಟಿಯ ಸಾಮರ್‌ಸೆಟ್ ಬಡಾವಣೆಯಲ್ಲಿ 1990ರ ಸುಮಾರಿಗೇ ಮನೆಗೊಂದರಂತೆ 300-400 ಚದರ ಅಡಿಯ ಮಳೆತೋಟ ಮಾಡಿದರು. ದೊಡ್ಡ ಕೊಳ ತೋಡುವುದಕ್ಕಿಂತ ಖರ್ಚೂ ಬಹಳ ಕಡಿಮೆಯಾಯಿತು. ಮೇರಿಲ್ಯಾಂಡಿನ 2007ರ ಕಾನೂನು, ಹೊಸ ಬಡಾವಣೆಗಳು ಸಾಧ್ಯವಾದಷ್ಟು ಮಳೆನೀರನ್ನು ಹೀಗೆ ಬಿದ್ದಲ್ಲೇ ನಿಭಾಯಿಸಬೇಕೆಂದಿತು. 2021ರ ಇನ್ನೊಂದು ಕಾನೂನಿನ ಪ್ರಕಾರ ನಿಮ್ಮ ಸ್ವಂತ ಅಂಗಳದಲ್ಲಿ ಮಳೆತೋಟ ಮಾಡುವುದನ್ನು ಎಚ್‌ಓಎ ಸುಮ್ಮಸುಮ್ಮನೆ ತಡೆಯುವಂತಿಲ್ಲ. ಹುಲ್ಲು ಬೋಳಿಸಿಲ್ಲವೆಂದು ನೋಟೀಸು ಬಂದರೆ ಹೆದರಬೇಡಿ, ಈ ಕಾನೂನನ್ನು ತೋರಿಸಿ.

ನಮ್ಮವರ ವಿರೋಧ ನಮಗೆ ನೋವು ಕೊಡಲು ಕಾರಣವಿದೆ. ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 38 ಇಂಚು, ಇಲ್ಲಿಯದಕ್ಕೆ ಹೆಚ್ಚೂಕಡಿಮೆ ಸಮ. ಹಿರಿಯರು ಆ ನೀರನ್ನು ಒಂದು ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಇನ್ನೊಂದಕ್ಕೆ ಹೋಗುವಂತೆ ಕಟ್ಟಿದ್ದರು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನರನ್ನು ಟ್ರಾಕ್ಟರಿನಲ್ಲಿ ಹೊರತಂದರು. ಆ ವಿಡಿಯೋ ನೋಡಿ “ನಮ್ಮೂರನ್ನು ಹಾಳು ಮಾಡಿದರಲ್ಲ” ಎಂದು ಅತ್ತವರೇ ಇಲ್ಲಿ ಹಿತ್ತಲಿಗೆಲ್ಲ ಕಾಂಕ್ರೀಟ್ ಪ್ಯಾಟಿಯೋ ಹಾಕಿಸಿ, ತಗ್ಗನ್ನು ಮುಚ್ಚಿ ಎನ್ನುವುದು ಎಲ್ಲಿಯ ನ್ಯಾಯ? ಬೆಂಗಳೂರಿನ ಬಿಲ್ಡರನ್ನು ಬೈಯುವ ಹಕ್ಕು ಇಂಥವರಿಗೆ ಉಳಿದೀತೇ?

ಒಂದು ಮಾತು ಒಪ್ಪುತ್ತೇವೆ. 2016ರ ಜುಲೈ, 2018ರ ಮೇ ತಿಂಗಳಲ್ಲಿ ಎಲಿಕಟ್ ಸಿಟಿಯನ್ನು ಕೊಚ್ಚಿದಂಥ ಮಳೆಗೆ ಮಳೆತೋಟ ಸಾಲದು. ಮಳೆತೋಟ ಇರುವುದು ವರ್ಷವಿಡೀ ಬೀಳುವ ಅರ್ಧ, ಒಂದು ಇಂಚಿನ ಮಳೆಗಳಿಗೆ. ಹೊಳೆಯನ್ನು ದಿನದಿನವೂ ಕೆಡಿಸುವುದು ಅವೇ.

ಹಣದ ಮಾತು. ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ವಾಟರ್ ಕ್ವಾಲಿಟಿ ಪ್ರೊಟೆಕ್ಷನ್ ಚಾರ್ಜ್ ಎಂಬ ಸಾಲು ನೋಡಿ. ನೀರು ಇಂಗದ ಜಾಗ ಹೆಚ್ಚಿದಷ್ಟೂ ಶುಲ್ಕ ಹೆಚ್ಚು. ಇಂಗಿಸುವ ವ್ಯವಸ್ಥೆ ಇದ್ದರೆ ರಿಯಾಯಿತಿ ಕೇಳಬಹುದು. ಕೌಂಟಿಯ ರೇನ್‌ಸ್ಕೇಪ್ಸ್ ಯೋಜನೆ ಖರ್ಚಿನ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಆದರೆ ಗುದ್ದಲಿ ಹಾಕುವ ಮೊದಲೇ ಅರ್ಜಿ ಹಾಕಿರಬೇಕು.

ವಸಂತದ ಎಚ್‌ಓಎ ಸಭೆಗೆ ನಾವು ಈ ಸಲಹೆಯನ್ನು ಮತ್ತೆ ತರುತ್ತೇವೆ. ಪೈಪಿಗೆ ಕೈ ಎತ್ತುವ ಮೊದಲು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು, ನಿಮ್ಮ ಡೌನ್‌ಸ್ಪೌಟಿನ ನೀರಿನ ಹಿಂದೆಯೇ ಹೊಳೆಯ ತನಕ ನಡೆದು ಬನ್ನಿ. ಸಭೆಗೆ ಬರಲಾಗದವರು ಪ್ರಾಕ್ಸಿ ಫಾರಂಗೆ ಸಹಿ ಹಾಕಿ ನಮ್ಮಲ್ಲೊಬ್ಬರಿಗೆ ಕೊಡಿ. ಗುಂಡಿ ತೋಡುವ ದಿನ ಹಾರೆ, ಗುದ್ದಲಿ ನೀವು ತನ್ನಿ, ಬಿಸಿಬೇಳೆಬಾತು ನಮ್ಮದು.