ಖಳನಾಯಕನ ಕಣಿಯೂ ನನ್ನ ನೋಟ್‌ಬುಕ್ಕೂ

ಮೊನ್ನೆ ಭಾನುವಾರ ಅಟ್ಟ ಕ್ಲೀನ್ ಮಾಡುತ್ತಿದ್ದಾಗ ಒಂದು ಹಳೇ ನೋಟ್‌ಬುಕ್ಕು ಸಿಕ್ಕಿತು. ನೂರು ಪುಟದ್ದು, ರಟ್ಟಿನ ಮೇಲೆ ಕಾಫಿ ಲೋಟದ ದುಂಡನೆ ಕಲೆ. ತೆರೆದು ನೋಡಿದರೆ ನನ್ನದೇ ಕಾಗೆಕಾಲು ಅಕ್ಷರ. 2016ರ ಅಕ್ಟೋಬರಿನಿಂದ ಸುಮಾರು ನಾಲ್ಕು ವರ್ಷ ಕೂತು ಬರೆದಿಟ್ಟ ಅರ್ಥಗಳು, ಟೀಕೆಗಳು, ಬಾಣದ ಗುರುತುಗಳು. ಯಾವುದರ ಅರ್ಥ ಅಂತೀರಾ? ಉಪನಿಷತ್ತಿನದಲ್ಲ ಬಿಡಿ. ವೀಡಿಯೋ ಗೇಮೊಂದರಲ್ಲಿ ಬರುವ ಒಬ್ಬ ಖಳ ನುಡಿದ ಕಣಿಯ ಅರ್ಥ :)

ನಗೋರು ನಗಬಹುದು. ಆದರೆ ಆ ನೋಟ್‌ಬುಕ್ಕು ಓದಿ ಮುಗಿಸುವಷ್ಟರಲ್ಲಿ ನನಗೆ ನಗು ನಿಂತುಹೋಗಿತ್ತು. ಯಾಕೆ ಅಂತ ಹೇಳ್ತೀನಿ.

ಗೇಮ್ ಗೊತ್ತಿಲ್ಲದವರಿಗೆ ಸ್ವಲ್ಪ ಪೀಠಿಕೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವುದು 2004ರಿಂದ ನಡೆಯುತ್ತಿರುವ ಆನ್‌ಲೈನ್ ಆಟ. ಎರಡು ವರ್ಷಕ್ಕೊಮ್ಮೆ ಹೊಸ ಅಧ್ಯಾಯ ಬರುತ್ತದೆ. 2016ರಲ್ಲಿ ಬಂದದ್ದು ಲೀಜನ್. ಅದರ ಮೊದಲ ದೊಡ್ಡ ದಾಳಿಯ ಜಾಗದ ಹೆಸರು ಎಮರಾಲ್ಡ್ ನೈಟ್‌ಮೇರ್, ಅಂದರೆ ಕೊಳೆತುಹೋದ ಒಂದು ಕನಸಿನ ಲೋಕ. ಅಲ್ಲಿ ಮರದ ಒಳಗೆ ಇಲ್‌ಗಿನಾಥ್ ಅಂತ ಒಂದು ಪ್ರಾಣಿ. ಪ್ರಾಣಿ ಅನ್ನೋದಕ್ಕಿಂತ ಒಂದು ದೊಡ್ಡ ಕಣ್ಣು, ಅದರ ಹಿಂದೊಂದು ಹೃದಯ, ಸುತ್ತಲೂ ತೋಳಿನಂಥ ಬಳ್ಳಿಗಳು. ಕಣ್ಣನ್ನು ಒಡೆದು ಒಳನುಗ್ಗಿ ಹೃದಯಕ್ಕೆ ಹೊಡೆಯಬೇಕು. ಇದು ಎನ್‌ಝಾತ್ ಎಂಬ ಹಳೇ ದೇವರ ಸೇವಕ. ಸಮುದ್ರದಡಿ ಸೆರೆಯಲ್ಲಿರುವ ಎನ್‌ಝಾತ್, ಜನರ ತಲೆಯೊಳಗೆ ಪಿಸುಗುಟ್ಟಿ ಪಿಸುಗುಟ್ಟಿಯೇ ಹಾಳು ಮಾಡುವವನು.

ಹೊಡೆದಾಟದ ನಡುವೆ ಈ ಇಲ್‌ಗಿನಾಥ್ ಒಂದೊಂದೇ ಒಗಟು ಪಿಸುಗುಡುತ್ತಿತ್ತು. ಕನ್ನಡದಲ್ಲಿ ಅದರ ತಾತ್ಪರ್ಯ ಹೇಳೋದಾದರೆ: ಡೈಮಂಡ್ ರಾಜನನ್ನು ಕಾಲಾಳು ಮಾಡಲಾಗಿದೆಯಂತೆ. ಹುಡುಗ ರಾಜ ಯಾರೋ ಯಜಮಾನನ ಮೇಜಿನ ಬಳಿ ಚಾಕರಿ ಮಾಡುತ್ತಾನಂತೆ, ನಿಮಗೆ ಮೂರು ಸುಳ್ಳು ಹೇಳುತ್ತಾನಂತೆ. ಯಾರೋ ಒಬ್ಬಳು ಮೂರನೇ ಸಲ ಸಾಯುವ ಹೊತ್ತಿಗೆ ಇವರ ಆಗಮನವಂತೆ. ಅವನನ್ನು ಕಾಣಬೇಕಾದರೆ ನಕ್ಷತ್ರಗಳ ವೃತ್ತದಲ್ಲಿ ಮುಳುಗಬೇಕಂತೆ. ಮಾಂಸವೆಂಬುದು ಅವನು ಕೊಟ್ಟ ವರವಂತೆ. ಇನ್ನೂ ಕೆಲವು ಇವೆ, ಎಲ್ಲವೂ ಇದೇ ಧಾಟಿ.

ಇದು ಕಿವಿಗೆ ಬಿದ್ದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಜಕ್ಕೂ! ಎದ್ದು ಕೂತು ಬರೆದುಕೊಂಡೆ.

ಮೊದಲನೆಯದು ಸುಲಭ ಅನಿಸಿತ್ತು. ಡೈಮಂಡ್ ರಾಜ ಅಂದರೆ ಮ್ಯಾಗ್ನಿ ಬ್ರಾಂಝ್‌ಬಿಯರ್ಡ್. ಕುಳ್ಳರ ರಾಜ, 2010ರ ಕಥೆಯಲ್ಲಿ ವಜ್ರವಾಗಿ ಕಲ್ಲಾಗಿ ನಿಂತುಬಿಟ್ಟಿದ್ದ ಮುದುಕ. ಲೀಜನ್‌ನಲ್ಲಿ ಎಚ್ಚರಗೊಂಡು, ಈ ಭೂಮಿಯೇ ನನ್ನ ಜೊತೆ ಮಾತಾಡ್ತಾಳೆ, ಅವಳ ಮಾತನ್ನು ನಿಮಗೆ ತಲುಪಿಸ್ತೀನಿ ಅನ್ನತೊಡಗಿದ. ಇಸ್ಪೀಟಿನ ಡೈಮಂಡ್ ರಾಜ ಚದುರಂಗದ ಕಾಲಾಳು ಆಗಿದ್ದಾನೆ ಅಂದಮೇಲೆ ಅರ್ಥ ಸ್ಪಷ್ಟ ತಾನೆ? ಅವನ ಕಿವಿಯಲ್ಲಿ ಮಾತಾಡುತ್ತಿರುವುದು ಭೂಮಿಯಲ್ಲ, ಎನ್‌ಝಾತ್! ನೋಟ್‌ಬುಕ್ಕಿನಲ್ಲಿ ಈ ಸಾಲಿಗೆ ಮೂರು ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ 'ನೂರಕ್ಕೆ ನೂರು' ಅಂತ ಬೇರೆ ಬರೆದಿದ್ದೇನೆ.

ಆಗ ನನ್ನ ಜೊತೆ ಆಡುತ್ತಿದ್ದ ಗೆಳೆಯನೊಬ್ಬನಿದ್ದ, ಹೂವಿನಹಡಗಲಿ ಕಡೆಯವನು. ಅವನಿಗೆ ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ. ಅವನು ಎಲ್ಲ ಕೇಳಿ ಅಂದ: "ಅಲ್ಲೋ, ನಾವು ಅವನ್ನ ಕೊಲ್ಲಾಕ ಹೋಗೀವಿ. ಸಾಯಾಕ ಹತ್ತಿದಾವ ನಿನಗ್ಯಾಕ ಖರೇ ಹೇಳ್ತಾನ?"

ನಾನು ಸುಮ್ಮನಿರಲಿಲ್ಲ. "ನಿಮ್ಮೂರ ಕಡೆ ಮೈಲಾರದ ಕಾರ್ಣಿಕ ಕೇಳ್ತೀರಲ್ಲಪ್ಪ, ಇದೂ ಹಾಗೇ" ಅಂದೆ. ನಿಮಗೆ ಗೊತ್ತಿರಬಹುದು, ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ವಾಕ್ಯ ನುಡಿಯುತ್ತಾನೆ. ಅದನ್ನು ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಜನ ತಮ್ಮ ತಮ್ಮ ಲೆಕ್ಕದಲ್ಲಿ ಬಿಡಿಸಿಕೊಳ್ಳುತ್ತಾರೆ. ಅವನಿಗೆ ಸಿಟ್ಟು ಬಂತು. "ಗೊರವಯ್ಯ ಉಪಾಸ ಇದ್ದು ದೇವರ ಹೆಸರ್ಲೆ ನುಡೀತಾನ. ಅವಗ ನಮ್ ಮ್ಯಾಲೆ ಯಾವ ಹಗೀನೂ ಇಲ್ಲ. ನಿನ್ ಕಣ್ಣಗುಡ್ಡಿಗೆ ಐತಿ. ಅಷ್ಟೂ ತಿಳೀವಲ್ದಾ?"

ತಿಳಿಯಲಿಲ್ಲ. ಆಮೇಲೆ ಮೂರು ವರ್ಷ ನಾನು ಅವನನ್ನು ಭೋಳೆ ಸ್ವಭಾವದವನು, ಕಥೆ ಓದೋಕೆ ಬರದವನು ಅಂತ ಎಲ್ಲರೆದುರು ಆಡಿಕೊಂಡೆ. 2018ರಲ್ಲಿ ಬ್ಯಾಟಲ್ ಫಾರ್ ಆಝರಾತ್ ಬಂತು. ಮ್ಯಾಗ್ನಿ ನಮ್ಮೆಲ್ಲರ ಕೊರಳಿಗೆ ಹಾರ್ಟ್ ಆಫ್ ಆಝರಾತ್ ಅನ್ನೋ ಪದಕ ಹಾಕಿದ. ಇಗೋ ನೋಡು, ಇದೇ ಬಲೆ ಅಂದೆ. ಅವನು ಏನೂ ಹೇಳಲಿಲ್ಲ. 2020ರ ಜನವರಿಯಲ್ಲಿ ನ್ಯಾಲೋಥಾ ದಾಳಿ ಬಂತು. ಅಲ್ಲಿ ಎನ್‌ಝಾತ್ ಸತ್ತ. ಅವನನ್ನು ಮುಗಿಸಿದ ಅಸ್ತ್ರ ಯಾವುದು ಗೊತ್ತಾ? ಅದೇ ಮ್ಯಾಗ್ನಿ ಕೊಟ್ಟ ಪದಕ.

ಈಗ ನೋಟ್‌ಬುಕ್ಕಿನ ಆ ಪುಟ ನೋಡಿ. 'ನೂರಕ್ಕೆ ನೂರು' ಅನ್ನುವುದರ ಕೆಳಗೆ ಬೇರೆ ಬಣ್ಣದ ಇಂಕಿನಲ್ಲಿ ಬರೆದಿದ್ದೇನೆ: ಕಾಲಾಳು ಅಂದರೆ ಎನ್‌ಝಾತ್‌ನ ಕಾಲಾಳು ಅಂತ ಎಲ್ಲಿ ಹೇಳಿದೆ? ಭೂಮಿಯ ಕಾಲಾಳು ಇರಬಹುದಲ್ಲ! ಆದ್ದರಿಂದ ಕಣಿ ನಿಜವಾಯಿತು.

ಆದ್ದರಿಂದ ಕಣಿ ನಿಜವಾಯಿತು!! ಇದನ್ನು ಬರೆದ ಕೈ ನನ್ನದೇ. ಸೋತದ್ದು ನನ್ನ ಅರ್ಥ, ಆದರೆ ಸೋತೆ ಅಂತ ಬರೆಯೋ ಬದಲು ಗೋಲ್‌ಪೋಸ್ಟನ್ನೇ ಎತ್ತಿ ಆಚೆ ಇಟ್ಟಿದ್ದೆ. ಪುಟ ತಿರುಗಿಸಿದಂತೆಲ್ಲ ಇದೇ ಚಾಳಿ.

ಮೂರನೇ ಸಾವಿನ ಸಾಲನ್ನೇ ತಗೊಳ್ಳಿ. ಅವಳು ಸಿಲ್ವಾನಸ್ ಅಂತ ನಾನೂ ನನ್ನಂಥವರೂ ಗಟ್ಟಿಯಾಗಿ ನಂಬಿದ್ದೆವು. ಲೆಕ್ಕ ಹಾಕಿ. 2002ರ ವಾರ್‌ಕ್ರಾಫ್ಟ್ 3ರಲ್ಲಿ ಆರ್ಥಸ್ ಅವಳನ್ನು ಕೊಂದ, ಒಂದು. ಲಿಚ್ ಕಿಂಗ್ ಸತ್ತ ಮೇಲೆ ಐಸ್‌ಕ್ರೌನ್ ಕೋಟೆಯ ತುದಿಯಿಂದ ತಾನೇ ಹಾರಿದಳು, ಎರಡು. ಅದಾದ ಮೇಲೆ, 2010ರ ಕ್ಯಾಟಕ್ಲಿಸಂನಲ್ಲಿ ಗಾಡ್‌ಫ್ರೀ ಎಂಬವನು ಬೆನ್ನಿಗೆ ಗುಂಡು ಹೊಡೆದ, ವ್ಯಾಲ್‌ಕಿರ್‌ಗಳು ತಮ್ಮ ಪ್ರಾಣ ಕೊಟ್ಟು ಅವಳನ್ನು ಎಬ್ಬಿಸಿದರು, ಮೂರು. ಅಂದರೆ ಕಣಿ ನುಡಿಯುವ ಹೊತ್ತಿಗೆ ಮೂರೂ ಮುಗಿದಿತ್ತು! ಇದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಮೊದಲನೆಯದು ಸಾವಲ್ಲ ರೂಪಾಂತರ ಅಂದೆವು, ಎರಡನೆಯದು ಅರ್ಧ ಸಾವು ಅಂದೆವು. ಮೂರು ಬರುವ ತನಕ ಲೆಕ್ಕವನ್ನೇ ತಿದ್ದಿದೆವು. ಅಂಗಡಿಯವನು ಹೀಗೆ ಲೆಕ್ಕ ಮಾಡಿದ್ದರೆ ಸುಮ್ಮನೆ ಬಿಡ್ತಿದ್ವಾ?

ಹುಡುಗ ರಾಜನ ಕಥೆಯೂ ಅಷ್ಟೇ. ಅವನು ಆಂಡುವಿನ್, ಅಪ್ಪ ವೇರಿಯನ್ ಲೀಜನ್‌ನ ಆರಂಭದಲ್ಲೇ ಸತ್ತು ಚಿಕ್ಕ ವಯಸ್ಸಿಗೇ ಪಟ್ಟಕ್ಕೆ ಬಂದವನು. ಯಜಮಾನ ಎನ್‌ಝಾತ್ ಅಂತ ಬರೆದಿದ್ದೆ. ಎನ್‌ಝಾತ್ ಸತ್ತ. 2021ರಲ್ಲಿ ಶ್ಯಾಡೋಲ್ಯಾಂಡ್ಸ್‌ನಲ್ಲಿ ಜೈಲರ್ ಎಂಬ ಇನ್ನೊಬ್ಬ ಖಳ ಆಂಡುವಿನ್‌ನನ್ನು ವಶ ಮಾಡಿಕೊಂಡಾಗ 'ನೋಡಿದ್ರಾ, ಹೇಳಿರಲಿಲ್ವಾ' ಅಂತ ಕುಣಿದಾಡಿದೆ. 2016ರಲ್ಲಿ ಜೈಲರ್ ಅನ್ನುವ ಪಾತ್ರವನ್ನೇ ನಾವು ಕಂಡಿರಲಿಲ್ಲ. ಮೂರು ಸುಳ್ಳು ಎಲ್ಲಿ ಹೋದವು ಅಂತ ಒಬ್ಬರೂ ಕೇಳಲಿಲ್ಲ. ಹೊಂದಿದ ಅರ್ಧ ಸಾಲು ಇಟ್ಟುಕೊಂಡು, ಹೊಂದದ ಅರ್ಧವನ್ನು ಮರೆತುಬಿಟ್ಟೆವು.

ಸರಿ, ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಖಳ ನುಡಿದ ಕಣಿಯನ್ನು ನಾವು ಪಂಚಾಂಗದ ಹಾಗೆ ಓದುತ್ತೇವೆ. ಅದನ್ನು ಓದಬೇಕಾದದ್ದು ಖಳನ ಮಾತಿನ ಹಾಗೆ. ಮುಂದೆ ಏನಾಗುತ್ತೆ ಅಂತ ಕೇಳೋ ಮೊದಲು ಇದನ್ನು ನಂಬಿದರೆ ಯಾರಿಗೆ ಲಾಭ ಅಂತ ಕೇಳಬೇಕು. ಮ್ಯಾಗ್ನಿಯನ್ನು ನಂಬಬೇಡಿ ಅನ್ನೋ ಅನುಮಾನ ಬಿತ್ತಿದರೆ ಲಾಭ ಯಾರಿಗೆ? ಎನ್‌ಝಾತ್‌ಗೆ. ಹುಡುಗ ರಾಜನನ್ನು ಅವನ ಪ್ರಜೆಗಳೇ ಓರೆಗಣ್ಣಿನಿಂದ ನೋಡಿದರೆ? ಎನ್‌ಝಾತ್‌ಗೆ. ಮಾಂಸದ ಸಾಲು ಮಾತ್ರ ಅಪ್ಪಟ ನಿಜ. ಕಲ್ಲು, ಲೋಹದ ಜೀವಿಗಳು ಹಳೇ ದೇವರ ಶಾಪದಿಂದ ರಕ್ತಮಾಂಸದ ಕುಳ್ಳರು, ಮನುಷ್ಯರು ಆದರು ಅನ್ನೋದನ್ನು ಉಲ್ಡುವಾರ್‌ನಲ್ಲೇ ಕೇಳಿದ್ದೆವು. ಹತ್ತು ಮಾತಿನಲ್ಲಿ ಒಂದು ಹಳೇ ನಿಜ ಬೆರೆಸಿದರೆ ಉಳಿದ ಒಂಬತ್ತಕ್ಕೂ ಸಾಕ್ಷಿ ಸಿಕ್ಕ ಹಾಗೆ. ಚಾಡಿ ಹೇಳುವವರು ಮಾಡೋದೂ ಇದನ್ನೇ ಅಲ್ವಾ?

ಹಾಗೆ ನೋಡಿದರೆ ಇಲ್‌ಗಿನಾಥ್‌ನ ಕಣಿ ಫಲಿಸಿದೆ. ಆಟದೊಳಗಲ್ಲ, ನನ್ನೊಳಗೆ. ಪಿಸುಮಾತಿನಿಂದ ಜನರ ನಡುವೆ ಅಪನಂಬಿಕೆ ಹುಟ್ಟಿಸೋದು ಅದರ ಕೆಲಸ. ಅದು ಪಿಸುಗುಟ್ಟಿತು, ನಾನು ಸ್ನೇಹಿತನೊಬ್ಬನನ್ನು ಕಳಕೊಂಡೆ.

ಕಥೆ ಬರೆಯುವವರ ಬಗ್ಗೆಯೂ ಒಂದು ತಕರಾರಿದೆ. ಈ ಸಾಲುಗಳಲ್ಲಿ ಹೆಸರಿಲ್ಲ, ಊರಿಲ್ಲ, ಕಾಲವಿಲ್ಲ. ಬರೀ ಅವನು, ಅವಳು, ನಾವು. ಯಾವ ಕಾಲಿಗೂ ಹೊಂದುವ ಚಪ್ಪಲಿ ಯಾರ ಅಳತೆಗೂ ಹೊಲಿದದ್ದಲ್ಲ. ಕಣಿ ಅಂದಮೇಲೆ ಅದು ಸುಳ್ಳಾಗುವ ಸಾಧ್ಯತೆ ಇರಬೇಕು, ಆಗಲೇ ನಿಜವಾದಾಗ ಮೈ ಜುಮ್ಮೆನ್ನೋದು.

ಅಂಥದ್ದು ಸಾಧ್ಯ ಅನ್ನೋದಕ್ಕೆ 2002ರ ಮಾರೋವಿಂಡ್ ನೋಡಿ. ಅದರಲ್ಲೂ ಭವಿಷ್ಯವಾಣಿ ಇದೆ, ಖಳನ ಮಾತೂ ಇದೆ, ಆದರೆ ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಸತ್ತುಹೋದ ವೀರ ನೆರೆವಾರ್ ಮರಳಿ ಹುಟ್ಟುತ್ತಾನೆ ಅನ್ನುವುದನ್ನು ಕಾಪಾಡಿಕೊಂಡು ಬಂದವರು ಬೂದಿನೆಲದ ಅಲೆಮಾರಿ ಜನ. ಅದಕ್ಕೆ ಷರತ್ತುಗಳಿವೆ, ಪರೀಕ್ಷೆಗಳಿವೆ. ಅಷ್ಟೇ ಅಲ್ಲ, ಒಂದು ಗುಹೆಯಿದೆ. ಈ ಹಿಂದೆ ನಾನೇ ಆ ವೀರ ಅಂದುಕೊಂಡು ಹೊರಟು ಸೋತವರ ಆತ್ಮಗಳು ಅಲ್ಲಿ ನಿಮ್ಮ ಜೊತೆ ಮಾತಾಡುತ್ತವೆ. ಹೇಗೆ ಸೋತೆ ಅಂತ ಹೇಳುತ್ತವೆ. ತಪ್ಪಾದ ಅರ್ಥಗಳಿಗೂ ಒಂದು ಜಾಗ! ಇನ್ನು ಖಳ ಡಾಗೋತ್ ಉರ್ ನಿಮ್ಮ ಕನಸಿಗೆ ಬಂದು ಹಳೇ ಗೆಳೆಯನಂತೆ ಕರೆಯುತ್ತಾನೆ. ಆ ಮಾತು ಎಷ್ಟು ಸಿಹಿಯಾಗಿದ್ದರೂ ಕರೆಯುತ್ತಿರುವವನು ಯಾರು ಅನ್ನೋದು ನಮಗೆ ಒಂದು ಕ್ಷಣವೂ ಮರೆಯಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಆ ಗುಹೆ ಇರಲಿಲ್ಲ. ಸೋತ ಅರ್ಥಗಳನ್ನೆಲ್ಲ ತಿದ್ದಿ ಗೆದ್ದವುಗಳನ್ನಾಗಿ ಮಾಡಿದ್ದೆ.

ಇದಕ್ಕೆ ನೀವು, "ಅಯ್ಯೋ, ಊಹೆ ಮಾಡೋದೇ ಮಜಾ, ಅದಕ್ಕೆಲ್ಲ ಇಷ್ಟು ತಲೆ ಕೆಡಿಸ್ಕೋಬೇಕಾ?" ಅನ್ನಬಹುದು. ಮಜಾ ಹೌದು, ನಾನೂ ಬಿಟ್ಟಿಲ್ಲ. 2024ರಲ್ಲಿ ದಿ ವಾರ್ ವಿದಿನ್ ಬಂದಾಗ, ಲೀಜನ್‌ನಲ್ಲಿ ಬರೀ ಒಂದು ಪಿಸುಗುಡುವ ಚೂರಿಯಾಗಿದ್ದ ಝಾಲತಾತ್ ಕಥೆಯ ಮುಖ್ಯ ಖಳಳಾಗಿ ನಿಂತಾಗ, ನನ್ನ ಕೈ ಮತ್ತೆ ಪೆನ್ನು ಹುಡುಕಿತ್ತು. ಆದರೆ ಊಹೆಗೆ ಮಜಾ ಬರೋದು ತಪ್ಪಾಗಬಹುದು ಅನ್ನೋ ಭಯ ಇದ್ದಾಗ ಮಾತ್ರ. ಯಾವತ್ತೂ ಔಟಾಗದ ಬ್ಯಾಟ್ಸ್‌ಮನ್ನಿನ ಜೊತೆ ಯಾರು ಗಲ್ಲಿ ಕ್ರಿಕೆಟ್ ಆಡ್ತಾರೆ ಹೇಳಿ?

ಹಾಗಾಗಿ ಈಗ ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೇನೆ. ಅರ್ಥ ಬರೆದರೆ ತಾರೀಖು ಹಾಕಬೇಕು. ಏನಾದರೆ ಇದು ತಪ್ಪು ಅನ್ನೋದನ್ನೂ ಪಕ್ಕದಲ್ಲೇ ಬರೆಯಬೇಕು. ಆಮೇಲೆ ಇಂಕು ಬದಲಾಯಿಸೋ ಹಾಗಿಲ್ಲ. ನುಡಿದವನು ಖಳನಾದರೆ ಅವನಿಗೇನು ಲಾಭ ಅನ್ನೋದು ಮೊದಲ ಸಾಲು.

ಮೊನ್ನೆ ರಾತ್ರಿ ಆ 'ನೂರಕ್ಕೆ ನೂರು' ಪುಟದ ಫೋಟೋ ತೆಗೆದೆ. ಎರಡೂ ಬಣ್ಣದ ಇಂಕು ಕಾಣುವ ಹಾಗೆ. ಕೆಳಗೆ 'ನೀನು ಹೇಳಿದ್ದೇ ಸರಿ' ಅಂತ ಬರೆದು ಆ ಹಡಗಲಿ ಗೆಳೆಯನಿಗೆ ಕಳಿಸಿದೆ. ಎಷ್ಟೋ ವರ್ಷದ ಮೇಲೆ. ಬೆಳಿಗ್ಗೆ ಉತ್ತರ ಬಂದಿತ್ತು: "ಮುದುಕ ಮ್ಯಾಗ್ನಿಗೂ ಒಂದ್ ಸಾರಿ ಕೇಳು ಮಾರಾಯ."

ಹಾಗಾಗಿ ಇಲ್ಲಿ, ನಿಮ್ಮೆಲ್ಲರ ಎದುರು: ಮ್ಯಾಗ್ನಿ ತಾತ, ತಪ್ಪಾಯ್ತು :)

ನೀವೂ ಯಾವುದಾದರೂ ಗೇಮಿನಲ್ಲೋ ಕಾದಂಬರಿಯಲ್ಲೋ ಖಳನ ಮಾತು ನಂಬಿ ಹೀಗೆ ಮೋಸ ಹೋಗಿದ್ದೀರಾ? ಹೋಗಿದ್ದರೆ ಬರೆಯಿರಿ. ತಿದ್ದದೆ, ಹಾಗೇ.