ಶಾಲೆ ಆರಿಸುವಾಗಿನ ಕಾಳಜಿ ಶಾಲೆಗೆ ಕಳಿಸುವಾಗಲೂ ಇರಲಿ

ಕರಾವಳಿಯಲ್ಲಿ ಶಾಲಾ ವರ್ಷ ಎರಡು ಬಾರಿ ಆರಂಭವಾಗುತ್ತದೆ ಎಂದರೆ ತಪ್ಪಾಗಲಾರದು. ಮೊದಲನೆಯದು ಕ್ರಿಸ್ಮಸ್ ಆಸುಪಾಸಿನಲ್ಲಿ. ನಗರದ ಆಂಗ್ಲ ಮಾಧ್ಯಮ ಶಾಲೆಗಳು ಎಲ್.ಕೆ.ಜಿ. ಅರ್ಜಿ ಕೊಡುವ ಕಾಲವದು. ಹೆತ್ತವರು ಮೂರು ವರ್ಷದ ಮಗುವಿನ ಕೈ ಹಿಡಿದು ಕಚೇರಿಯ ಮುಂದೆ ಕಾಯುತ್ತಾರೆ, ಗೊತ್ತಿದ್ದವರಿಂದ ಶಿಫಾರಸು ಮಾಡಿಸುತ್ತಾರೆ, ವಿಗಾರರಿಂದ ಪತ್ರ ಬರೆಸಿಕೊಳ್ಳುತ್ತಾರೆ. ಎರಡನೆಯದು ಮೇ ತಿಂಗಳ ಕೊನೆಗೆ. ಆಗ ಸರಕಾರಿ ಶಾಲೆಯ ಮತ್ತು ನಮ್ಮ ಅನುದಾನಿತ ಕನ್ನಡ ಶಾಲೆಗಳ ಶಿಕ್ಷಕಿಯರು ಮನೆಮನೆ ಹತ್ತಿಳಿದು ‘ನಿಮ್ಮ ಮಗುವನ್ನು ನಮ್ಮಲ್ಲಿಗೆ ಕಳಿಸಿ’ ಎಂದು ಕೇಳುತ್ತಾರೆ. ಒಂದು ಕಡೆ ಹೆತ್ತವರು ಶಾಲೆಯ ಬಾಗಿಲಲ್ಲಿ ನಿಂತಿದ್ದರೆ, ಇನ್ನೊಂದು ಕಡೆ ಶಾಲೆಯೇ ಹೆತ್ತವರ ಬಾಗಿಲಲ್ಲಿ ನಿಂತಿದೆ.

ಇದನ್ನು ಕನ್ನಡ ಮತ್ತು ಇಂಗ್ಲಿಷ್, ಸರಕಾರಿ ಮತ್ತು ಖಾಸಗಿ ಎಂಬ ಜಗಳವಾಗಿ ನೋಡುವುದು ನಮಗೆಲ್ಲ ಅಭ್ಯಾಸವಾಗಿದೆ. ಭಾಷಣಗಳಲ್ಲಿ ಅದೇ, ಹಳೆ ವಿದ್ಯಾರ್ಥಿ ಸಂಘದ ಸಭೆಗಳಲ್ಲೂ ಅದೇ. ಮಗುವನ್ನು ಸೇರಿಸಿದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಮಾತ್ರ ಚರ್ಚೆ ಇಲ್ಲ. ಒಂದು ಶಾಲೆಯ ಮೇಲೆ ಹೆತ್ತವರಿಗೆ ನಿಜವಾಗಿ ಎಷ್ಟು ಗೌರವವಿದೆ ಎಂಬುದು ದಾಖಲಾತಿಯ ದಿನ ತಿಳಿಯುವುದಿಲ್ಲ, ಆಗಸ್ಟ್ ತಿಂಗಳ ಯಾವುದೋ ಒಂದು ಬುಧವಾರದ ಹಾಜರಿ ಪುಸ್ತಕದಲ್ಲಿ ತಿಳಿಯುತ್ತದೆ.

ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿಗತಿಯ ಬಗ್ಗೆ ‘ಪ್ರಥಮ್’ ಸಂಸ್ಥೆ ಹೊರತರುವ ‘ಅಸರ್’ ವರದಿಯ ಕೆಲವು ಅಂಕಿಗಳನ್ನು ಗಮನಿಸೋಣ. 2018ರಲ್ಲಿ ದೇಶದ ಗ್ರಾಮೀಣ ಪ್ರದೇಶದ 6ರಿಂದ 14 ವರ್ಷದ ಮಕ್ಕಳಲ್ಲಿ ಶೇ. 65.6 ಮಂದಿ ಸರಕಾರಿ ಶಾಲೆಗಳಲ್ಲಿದ್ದರು. 2022ರಲ್ಲಿ ಅದು ಶೇ. 72.9ಕ್ಕೆ ಏರಿತು. 2024ರಲ್ಲಿ ಮತ್ತೆ ಶೇ. 66.8ಕ್ಕೆ ಇಳಿದಿದೆ. ನಡುವೆ ನಡೆದದ್ದು ಕೊರೋನಾ. ಕೆಲಸ ಹೋಯಿತು, ಗಲ್ಫಿನಿಂದ ಬರುವ ಹಣ ನಿಂತಿತು, ಶುಲ್ಕ ಕಟ್ಟಲಾಗಲಿಲ್ಲ, ಸಣ್ಣಪುಟ್ಟ ಖಾಸಗಿ ಶಾಲೆಗಳು ಮುಚ್ಚಿದವು. ಆಗ ಮಕ್ಕಳು ಸರಕಾರಿ ಶಾಲೆಗೆ ಬಂದರು. ‘ಸರಕಾರಿ ಶಾಲೆಗಳಿಗೆ ಒಳ್ಳೆಯ ಕಾಲ ಬಂತು’ ಎಂದು ಪತ್ರಿಕೆಗಳು ಬರೆದವು. ಕೈಯಲ್ಲಿ ಹಣ ಓಡಾಡತೊಡಗಿದಂತೆ ಮಕ್ಕಳು ಹಿಂದಕ್ಕೆ ಹೋದರು. ಹೆತ್ತವರು ಸರಕಾರಿ ಶಾಲೆಯನ್ನು ಆರಿಸಿಕೊಂಡಿರಲಿಲ್ಲ, ಮಳೆ ನಿಲ್ಲುವವರೆಗೆ ಅಂಗಡಿಯ ಮಾಡಿನಡಿ ನಿಂತವರಂತೆ ನಿಂತಿದ್ದರು, ಅಷ್ಟೇ.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಸಮೀಕ್ಷೆಯವರು ಭೇಟಿ ಕೊಟ್ಟ ದಿನ ಪ್ರಾಥಮಿಕ ತರಗತಿಗಳಿರುವ ಸರಕಾರಿ ಶಾಲೆಗಳಲ್ಲಿ ಹಾಜರಿದ್ದ ಮಕ್ಕಳು 2018ರಲ್ಲಿ ಶೇ. 72.4, 2024ರಲ್ಲಿ ಶೇ. 75.9. ಶಿಕ್ಷಕರ ಹಾಜರಿ ಶೇ. 87.5. ಅಂದರೆ ಶಿಕ್ಷಕರು ಬರುವುದಿಲ್ಲ ಎಂದು ದೂರುವ ನಾಡಿನಲ್ಲಿ, ಶಿಕ್ಷಕರಿಗಿಂತ ಹೆಚ್ಚಾಗಿ ಗೈರುಹಾಜರಾಗುವವರು ಮಕ್ಕಳೇ. ಯಾವುದೇ ಒಂದು ದಿನ ನಾಲ್ಕರಲ್ಲಿ ಒಂದು ಮಗು ತರಗತಿಯಲ್ಲಿಲ್ಲ.

‘ಅದು ಉತ್ತರ ಭಾರತದ ಕತೆ, ನಮ್ಮಲ್ಲಿ ಹಾಗಿಲ್ಲ’ ಎಂದು ಹೇಳುವವರಿದ್ದಾರೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಉಡುಪಿಯದು ಶೇ. 86.24. ರಾಜ್ಯದ ಸರಾಸರಿ ಶೇ. 75.36 ಮಾತ್ರ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಪ್ರಥಮ, ದಕ್ಷಿಣ ಕನ್ನಡ ದ್ವಿತೀಯ. 2025ರಲ್ಲಿ ದಕ್ಷಿಣ ಕನ್ನಡ ಪ್ರಥಮ, ಉಡುಪಿ ದ್ವಿತೀಯ. ಸಂತೋಷದ ವಿಷಯವೇ. ಆದರೆ ಪರೀಕ್ಷೆಯ ಫಲಿತಾಂಶ ಪರೀಕ್ಷೆಗೆ ಕುಳಿತವರ ಲೆಕ್ಕ. ಆರನೇ, ಏಳನೇ ತರಗತಿಯಲ್ಲಿ ವಾರಕ್ಕೊಮ್ಮೆ ತಪ್ಪಿಸುತ್ತಾ, ಒಂಬತ್ತರ ಹೊತ್ತಿಗೆ ಕಾಣದೇ ಹೋದ ಹುಡುಗ ಆ ಶೇಕಡಾವಾರಿನಲ್ಲಿ ಸಿಗುವುದಿಲ್ಲ.

ಖಾಸಗಿ ಶಾಲೆಗೆ ಕಳಿಸುವ ಹೆತ್ತವರನ್ನು ಪ್ರತಿಷ್ಠೆಯ ಹಿಂದೆ ಓಡುವವರೆಂದು ಜರೆಯುವುದು ಸುಲಭ. ನಾವು ಅದಕ್ಕೆ ಒಪ್ಪುವುದಿಲ್ಲ. ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬನವರ ಕತೆ ನಮ್ಮ ಓದುಗರಿಗೆಲ್ಲ ಗೊತ್ತು. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಕಿತ್ತಳೆಯ ಬೆಲೆ ಕೇಳಿದಾಗ ಉತ್ತರಿಸಲಾಗದೆ ನೊಂದುಕೊಂಡ ಅವರು, 2000ದ ಹೊತ್ತಿಗೆ ತಮ್ಮೂರಿಗೊಂದು ಶಾಲೆ ತರಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರು ಅಂದು ಅನುಭವಿಸಿದ ಅವಮಾನವನ್ನೇ ಇಂದು ಸಾವಿರಾರು ತಂದೆತಾಯಂದಿರು ಬೇರೆ ಬೇರೆ ಕಡೆ ಅನುಭವಿಸುತ್ತಾರೆ: ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ವೀಸಾದ ಅರ್ಜಿಯ ಮುಂದೆ. ತಮ್ಮ ಮಗುವಿಗೆ ಅದು ಬೇಡ ಎಂದು ಅವರಿಗೆ ಅನಿಸುವುದು ಸಹಜ.

ಸರಕಾರಕ್ಕೂ ಇದು ಗೊತ್ತಾಗಿದೆ. 2007-08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭವಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ನೀಡಿತು. 2019-20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆಯಲಾಯಿತು. ಇನ್ನು ಶಿಕ್ಷಣ ಹಕ್ಕು ಕಾಯಿದೆಯ ಶೇ. 25 ಸೀಟುಗಳ ವಿಚಾರ. ಕರ್ನಾಟಕದಲ್ಲಿ ಅದು 2012-13ರಿಂದ ಜಾರಿಗೆ ಬಂದಾಗ ಖಾಸಗಿ ಶಾಲೆಗಳ ಸೀಟಿಗೆ ಬಡವರು ಮುಗಿಬಿದ್ದರು. ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ ಎಂದು 2019ರಲ್ಲಿ ನಿಯಮ ಬದಲಾದದ್ದೇ ತಡ, ಅರ್ಜಿಗಳು ಪಾತಾಳಕ್ಕಿಳಿದವು. ಬಡವರಿಗೆ ಬೇಕಾಗಿದ್ದದ್ದು ಬರೀ ಉಚಿತ ಶಿಕ್ಷಣವಲ್ಲ, ಶ್ರೀಮಂತರ ಮಕ್ಕಳು ಕೂರುವ ಬೆಂಚು ಎಂಬುದು ಇದರಿಂದ ಸ್ಪಷ್ಟ.

ಶಿಕ್ಷಕರ ಲೆಕ್ಕವೂ ಇದಕ್ಕೆ ಸೇರಿಕೊಂಡಿದೆ. ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಒಂದು, ಎರಡು, ಮೂರನೇ ತರಗತಿ ನಲಿ-ಕಲಿಯಲ್ಲಿ ಒಟ್ಟಿಗೆ ಕುಳಿತರೆ ನಾಲ್ಕು ಮತ್ತು ಐದು ಇನ್ನೊಬ್ಬರ ಪಾಲಿಗೆ. ಅವರಲ್ಲೊಬ್ಬರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದರೆ ಇಡೀ ಶಾಲೆ ಒಬ್ಬರ ಕೈಯಲ್ಲಿ. ಇದನ್ನು ಕಂಡು ಹೆತ್ತವರು ಟಿ.ಸಿ. ಕೇಳುತ್ತಾರೆ. ಮಕ್ಕಳು ಕಡಿಮೆಯಾದರೆಂದು ‘ಹೆಚ್ಚುವರಿ’ ಶಿಕ್ಷಕರನ್ನು ಬೇರೆಡೆಗೆ ಕಳಿಸುತ್ತಾರೆ. ಶಿಕ್ಷಕರು ಕಡಿಮೆಯಾದರೆಂದು ಮತ್ತಷ್ಟು ಟಿ.ಸಿ. ನಮ್ಮ ಅನುದಾನಿತ ಶಾಲೆಗಳಲ್ಲಂತೂ ನಿವೃತ್ತರಾದವರ ಸ್ಥಾನ ವರ್ಷಗಟ್ಟಲೆ ಖಾಲಿ ಉಳಿದು, ಚರ್ಚಿನ ಹಣದಿಂದ ಗೌರವ ಶಿಕ್ಷಕಿಯರನ್ನಿಟ್ಟು ದಿನ ದೂಡುವ ಸಂಚಾಲಕರ ಕಷ್ಟ ಅವರಿಗೇ ಗೊತ್ತು.

ಇಷ್ಟಾದರೂ ಹೆತ್ತವರ ಪಾಲಿನ ಹೊಣೆ ಇಲ್ಲದಾಗುವುದಿಲ್ಲ. ಶುಲ್ಕ ಕಟ್ಟುವ ಶಾಲೆಗೆ ಮಗುವನ್ನು ಕಳಿಸುವ ತಾಯಿ, ಮಗುವಿಗೆ ಸ್ವಲ್ಪ ಜ್ವರವಿದ್ದರೂ ಮಾತ್ರೆ ಕೊಟ್ಟು ವ್ಯಾನ್ ಹತ್ತಿಸುತ್ತಾಳೆ. ರಜೆ ಬೇಕಾದರೆ ಡೈರಿಯಲ್ಲಿ ಬರೆದು ಸಹಿ ಮಾಡುತ್ತಾಳೆ, ಪ್ರಾಂಶುಪಾಲರಿಗೆ ಹೆದರುತ್ತಾಳೆ. ಅದೇ ತಾಯಿಯ ಇನ್ನೊಂದು ಮಗು ಕನ್ನಡ ಶಾಲೆಯಲ್ಲಿದ್ದರೆ (ಗಂಡು ಇಂಗ್ಲಿಷ್ ಮೀಡಿಯಂ, ಹೆಣ್ಣು ಕನ್ನಡ ಶಾಲೆ ಎಂಬ ಮನೆಗಳು ಇನ್ನೂ ಇವೆ) ರಜೆಗೆ ಕಾರಣವೇ ಬೇಕಾಗಿಲ್ಲ. ಸಂಬಂಧಿಕರ ರೋಸ್, ಮಾವನನ್ನು ವಿಮಾನ ನಿಲ್ದಾಣದಿಂದ ಕರೆತರುವುದು, ಮನೆಯಲ್ಲಿ ಅಡಿಕೆ ಸುಲಿಯುವುದು, ಜೋರು ಮಳೆ. ಅತ್ತೂರಿನ ಸಾಂತ್‌ಮಾರಿಗೆ ಒಂದು ದಿನ ಹೋಗಿ ಬರುವುದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ. ಅದರ ಮರುದಿನವೂ, ಮರುದಿನದ ಮರುದಿನವೂ ದಣಿವಿನ ನೆಪ ಹೇಳುವುದಕ್ಕೆ ಇದೆ. ಕೇಳಿದರೆ ‘ಒಂದು ದಿನ ಅಲ್ವಾ ಫಾದರ್, ಏನಾಗ್ತದೆ?’ ಎಂಬ ಉತ್ತರ.

ಏನಾಗುತ್ತದೆ ಎಂದು ಲೆಕ್ಕ ಹಾಕೋಣ. ಕಾಯಿದೆಯಂತೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳು. ವಾರಕ್ಕೆ ಆರು ದಿನ ನಡೆಯುವ ಶಾಲೆಯಲ್ಲಿ ವಾರಕ್ಕೊಂದು ದಿನ ತಪ್ಪಿದರೆ ವರ್ಷಕ್ಕೆ 33 ದಿನಕ್ಕೂ ಹೆಚ್ಚು. ಎಂಟನೇ ತರಗತಿ ಮುಗಿಯುವಾಗ 270ರ ಆಸುಪಾಸು. ಅಂದರೆ ಆ ಮಗು ಎಂಟು ವರ್ಷ ಶಾಲೆಗೆ ಹೋಗಿಲ್ಲ, ಏಳಕ್ಕೂ ಕಡಿಮೆ. ಕಳೆದುಹೋದ ದಿನ ಭಾಗಾಕಾರ ಕಲಿಸಿದ ದಿನವಾಗಿದ್ದರೆ ಮುಂದಿನದ್ದೆಲ್ಲ ಅರ್ಥವಾಗದ ಪಾಠ. ಅರ್ಥವಾಗದ ಪಾಠಕ್ಕೆ ಹೋಗಲು ಮಗುವಿಗೂ ಮನಸ್ಸಿಲ್ಲ. ಆಮೇಲೆ ‘ಆ ಶಾಲೆಯಲ್ಲಿ ಏನೂ ಕಲಿಸುವುದಿಲ್ಲ’ ಎಂದು ಶಾಲೆ ಬದಲಿಸುತ್ತಾರೆ.

ಶುಲ್ಕ ಕಟ್ಟುವವರಲ್ಲಿ ಬೇರೆ ರೀತಿಯ ಉದಾಸೀನವಿದೆ. ಹಣ ಕೊಟ್ಟಾಯಿತು, ಟ್ಯೂಷನ್ನಿಗೂ ಹಾಕಿಯಾಯಿತು, ಇನ್ನು ತಮ್ಮ ಕೆಲಸವಿಲ್ಲ ಎಂಬ ಭಾವನೆ ಅದು. ಹೆತ್ತವರ ಸಭೆಗೆ ಅಜ್ಜಿಯನ್ನು ಕಳಿಸುವವರು ಈ ಗುಂಪಿನಲ್ಲೇ ಹೆಚ್ಚು. ಹೆತ್ತವರೇ ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು, ಶಾಲೆಯನ್ನು ಆರಿಸುವ ಸ್ವಾತಂತ್ರ್ಯ ಅವರದ್ದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಶಿಕ್ಷಣ ಕುರಿತ ಘೋಷಣೆಯಲ್ಲಿ ಹೇಳಿದೆ. ಆರಿಸುವ ಸ್ವಾತಂತ್ರ್ಯದ ಮಾತನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ಭಾರತದ ಸಂವಿಧಾನಕ್ಕೂ 2002ರ ತಿದ್ದುಪಡಿಯಲ್ಲಿ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ಹೆತ್ತವರ ಮೂಲಭೂತ ಕರ್ತವ್ಯ ಎಂಬ ಮಾತು ಸೇರಿದೆ.

ಇನ್ನು ನಮ್ಮ ಸಂಸ್ಥೆಗಳತ್ತ ನೋಡಿದರೆ ಮುಜುಗರವಾಗುತ್ತದೆ. ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ, ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜು ಆರಂಭಿಸಿದ್ದು 1880ರಲ್ಲಿ. ಅಲ್ಲಿಂದೀಚೆಗೆ ಚರ್ಚ್ ಇದ್ದಲ್ಲೆಲ್ಲ ಪಕ್ಕದಲ್ಲೊಂದು ಶಾಲೆ ಎಂಬುದು ಈ ಕರಾವಳಿಯ ರೂಢಿಯಾಯಿತು. ಎಲ್ಲ ಮತಗಳ ಮಕ್ಕಳೂ ಅಲ್ಲಿ ಕಲಿತರು. ಇಂದು ಅದೇ ಆವರಣದಲ್ಲಿ ಎರಡು ಶಾಲೆಗಳು: ಬಣ್ಣ ಬಳಿದ ಆಂಗ್ಲ ಮಾಧ್ಯಮ ಕಟ್ಟಡ, ಹಿಂಬದಿಯಲ್ಲಿ ಹೆಂಚಿನ ಕನ್ನಡ ಶಾಲೆ. ಪಾಲನಾ ಪರಿಷತ್ತಿನ ಎಷ್ಟು ಮಂದಿಯ ಮಕ್ಕಳು, ಎಷ್ಟು ಶಿಕ್ಷಕರ ಮಕ್ಕಳು ಆ ಹೆಂಚಿನ ಶಾಲೆಯಲ್ಲಿದ್ದಾರೆ? ಶತಮಾನೋತ್ಸವಕ್ಕೆ ದುಬೈ, ಮಸ್ಕತ್‌ನಿಂದ ಹಣ ಬರುತ್ತದೆ, ಹೊಸ ದ್ವಾರ ಎದ್ದು ನಿಲ್ಲುತ್ತದೆ. ದ್ವಾರದೊಳಗೆ ಬರಲು ಮಕ್ಕಳು ಬೇಕಲ್ಲ.

2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯಿದೆಯಿಂದ ಹೊರಗಿಟ್ಟಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಸ್ತೃತ ಪೀಠ ಪರಿಶೀಲಿಸುವಂತೆ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ನಮ್ಮ ಹಕ್ಕನ್ನು ಉಳಿಸಿಕೊಳ್ಳಲು ವಕೀಲರು ವಾದಿಸಲಿ, ಅದು ಬೇಕು. ಆದರೆ ನಮ್ಮ ಆಂಗ್ಲ ಮಾಧ್ಯಮ ಶಾಲೆಗಳು ಬಡ ಮಕ್ಕಳಿಗಾಗಿ ತಾವಾಗಿಯೇ ಎಷ್ಟು ಸೀಟು ಬಿಟ್ಟಿವೆ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡುವಂತಿರಬೇಕು.

ಈಗ ಹೆಂಚಿನ ಶಾಲೆಯಲ್ಲಿರುವುದು ಯಾರ ಮಕ್ಕಳು? ಹಲವೆಡೆ ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಬಿಸಿಯೂಟ ಅವರಿಗೆ ನಿಜವಾದ ಊಟ. ಈ ತಂದೆತಾಯಂದಿರಿಗೆ ಶಾಲೆಯ ಬಗ್ಗೆ ಆಸೆ ಇಲ್ಲವೆಂದಲ್ಲ. ಕೆಲಸ ಮುಗಿದೊಡನೆ ಶೆಡ್ಡು ಬೇರೆ ಕಡೆಗೆ ಹೋಗುತ್ತದೆ, ಊರ ಜಾತ್ರೆಗೆ ಹೋದವರು ತಿಂಗಳಾದರೂ ಮರಳುವುದಿಲ್ಲ, ತಾಯಿ ಕೆಲಸಕ್ಕೆ ಹೋದರೆ ಹತ್ತು ವರ್ಷದ ಹುಡುಗಿ ತೊಟ್ಟಿಲು ಕಾಯಬೇಕು. ನಮ್ಮವರ ‘ಒಂದು ದಿನ ಅಲ್ವಾ’ ಬೇರೆ, ಇವರ ಗೈರುಹಾಜರಿ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕರ್ನಾಟಕ ಹೈಕೋರ್ಟು 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಬಳಿಕ, ಸತತ 7 ದಿನ ಬಾರದ ಮಗುವನ್ನು ಹುಡುಕಬೇಕೆಂಬ ವ್ಯವಸ್ಥೆ ರಾಜ್ಯದಲ್ಲಿ ಬಂತು. ಹುಡುಕುವವರು ಯಾರು? ಇಬ್ಬರೇ ಇರುವ ಶಾಲೆಯ ಶಿಕ್ಷಕಿ ತರಗತಿ ಬಿಟ್ಟು ಹೋಗಲಾರರು. ನಮ್ಮಲ್ಲಿ ವಾರ್ಡುಗಳಿವೆ, ಗುರಿಕಾರರಿದ್ದಾರೆ, ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಮನೆಗಳಿಗೆ ಹೋಗುತ್ತಲೇ ಇರುತ್ತಾರೆ. ಶುಲ್ಕಕ್ಕೆ ನೆರವು ಕೇಳಿ ಬಂದ ಕುಟುಂಬದಲ್ಲಿ ಅಂಕಪಟ್ಟಿ ನೋಡುವ ಬದಲು ಹಾಜರಿ ಎಷ್ಟೆಂದು ಕೇಳಬಹುದು. ವಾರ್ಡಿನ ಸಭೆಯಲ್ಲಿ ಯಾವ ಮನೆಯ ಮಗು ಎಷ್ಟು ದಿನದಿಂದ ಶಾಲೆಗೆ ಹೋಗುತ್ತಿಲ್ಲ ಎಂದು ತಿಳಿದುಕೊಳ್ಳಬಹುದು. ಆ ಮಗು ಕ್ರೈಸ್ತನೇ ಆಗಿರಬೇಕೆಂದಿಲ್ಲ, ನಮ್ಮ ಶಾಲೆಯದ್ದೇ ಆಗಿರಬೇಕೆಂದೂ ಇಲ್ಲ.

ಇನ್ನೊಂದು ವಿಷಯ, ಇದು ಮನೆ ಕಟ್ಟಿಸುತ್ತಿರುವವರಿಗೆ ಮತ್ತು ಗುತ್ತಿಗೆದಾರರಿಗೆ. ಅವರಲ್ಲಿ ನಮ್ಮ ವಿಶ್ವಾಸಿಗಳೂ ಬಹಳ ಮಂದಿ ಇದ್ದಾರೆ. ಟಿ.ಸಿ. ಬರುವುದು ತಡವಾಯಿತೆಂದು ಅಥವಾ ಜನನ ಪತ್ರ ಇಲ್ಲವೆಂದು ಮಗುವನ್ನು ಶಾಲೆಗೆ ಸೇರಿಸಿಕೊಳ್ಳದಿರುವಂತಿಲ್ಲ. ವರ್ಷದ ಮಧ್ಯದಲ್ಲಿ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು ಕಾಯಿದೆ ಹೇಳುತ್ತದೆ. ಶೆಡ್ಡಿನಲ್ಲಿರುವ ತಂದೆಗೆ ಇದು ತಿಳಿದಿರುವುದಿಲ್ಲ. ಅಡಿಪಾಯ ಹಾಕುವ ವಾರವೇ ಶೆಡ್ಡಿನ ಮಕ್ಕಳ ಹೆಸರು, ವಯಸ್ಸು ಬರೆದುಕೊಂಡು ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಟ್ಟರೆ ಸಾಕು. ಮನೆ ಒಕ್ಕಲಾಗುವ ಹೊತ್ತಿಗೆ ಆ ಮಕ್ಕಳು ಎಲ್ಲಿಗೆ ಹೋಗುತ್ತಾರೆಂದು ವಿಚಾರಿಸಿ ಶಾಲೆಗೆ ತಿಳಿಸಿದರೆ, ಟಿ.ಸಿ. ಅವರ ಜೊತೆಗೇ ಹೋಗುತ್ತದೆ.